ಸವೆದ ಬೆರಳು, ನಿಂತುಹೋದ ಪಿಂಚಣಿ

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಅರಳಿಕಟ್ಟೆ ಮೇಲೆ ನಾನು ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕೂತಿರುತ್ತೇನೆ. ಜೊತೆಗೆ ಒಂದು ನೋಟ್‌ಬುಕ್, ಎರಡು ಪೆನ್ನು, ಫೋನು. ವಯಸ್ಸಾದವರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನೆಲ್ಲ ಸುತ್ತಿಕೊಂಡು ಬರುತ್ತಾರೆ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ರೇಷನ್ ಕಾರ್ಡು, ಇಂಥವೇ. ವಾರದ ದಿನ ನಾನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಾಗದ ನೋಡಿ ಅಭ್ಯಾಸ ಇತ್ತು, ಅದಕ್ಕೇ ಈ ಕೆಲಸ ಹಿಡಿದೆ.

ಶುರುವಿನಲ್ಲಿ ಅರ್ಜಿ ತುಂಬಿಕೊಟ್ಟರೆ ಸಾಕು ಅಂದುಕೊಂಡಿದ್ದೆ. ತುಂಬಿಕೊಟ್ಟು ನಾಡಕಚೇರಿಗೆ ಕಳಿಸುತ್ತಿದ್ದೆ, ಅಲ್ಲಿಗೆ ನನ್ನ ಕೆಲಸ ಮುಗೀತು ಅಂತ. ಒಬ್ಬ ತಾತನಿಗೆ ಹೀಗೇ ಅರ್ಜಿ ಬರೆದುಕೊಟ್ಟು, "ಮುಂದಿನ ತಿಂಗಳು ದುಡ್ಡು ಬರುತ್ತೆ ಬಿಡಿ" ಅಂದುಬಿಟ್ಟೆ. ಅವರು ನನ್ನ ಮಾತು ನಂಬಿ ಮೆಡಿಕಲ್ ಸ್ಟೋರಿನಲ್ಲಿ ಬಿಪಿ ಮಾತ್ರೆ ಸಾಲ ತಗೊಂಡರು. ಅರ್ಜಿ ವಾಪಸ್ ಬಂತು. ಆಧಾರ್‌ನಲ್ಲಿ ಅವರಿಗೆ 57 ವರ್ಷ! ನೋಡಿದರೆ ಎಪ್ಪತ್ತರ ಹತ್ತಿರ ಇದ್ದಾರೆ ಅನ್ನಿಸುತ್ತೆ, ಆದರೆ ಯಾರೋ ಅಂದಾಜಿಗೆ ಜನವರಿ 1 ಅಂತ ಹಾಕಿ ಒಂದು ವರ್ಷ ಬರೆಸಿದ್ದಾರೆ. ನಮ್ಮ ಕಡೆ ಹಿರಿಯರಲ್ಲಿ ಎಷ್ಟೋ ಜನರಿಗೆ ಜನವರಿ 1ಕ್ಕೇ ಹುಟ್ಟುಹಬ್ಬ. ಆ ಸಾಲ ತೀರೋವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಮೊದಲು ನೋಡೋದು ಹುಟ್ಟಿದ ದಿನಾಂಕ, ಆಮೇಲೆ ಮಿಕ್ಕಿದ್ದು. "ಬರುತ್ತೆ" ಅನ್ನೋ ಮಾತು ಯಾರಿಗೂ ಹೇಳಲ್ಲ.

ಎರಡನೆಯದು ಹೆಸರು. ರೇಷನ್ ಕಾರ್ಡಿನಲ್ಲಿ ಮುನಿವೆಂಕಟಮ್ಮ, ಪಾಸ್‌ಬುಕ್‌ನಲ್ಲಿ ಎಂ. ವೆಂಕಟಮ್ಮ, ಆಧಾರ್‌ನಲ್ಲಿ ಬರೀ ವೆಂಕಟಮ್ಮ. ಮನೆಯಲ್ಲಿ ತೆಲುಗು, ಅರ್ಜಿ ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಒಂದೇ ಹೆಸರು ಮೂರು ಕಡೆ ಮೂರು ಥರ ಆಗದೇ ಇನ್ನೇನು? ಉರ್ದು ಮಾತಾಡೋ ಮನೆಗಳಲ್ಲೂ ಇದೇ ಕಥೆ. ಅದಕ್ಕೆ ನೋಟ್‌ಬುಕ್‌ನಲ್ಲಿ ಒಬ್ಬೊಬ್ಬರಿಗೆ ಒಂದು ಪುಟ ಇಟ್ಟು, ಹೆಸರು ಎಲ್ಲೆಲ್ಲಿ ಹೇಗಿದೆ ಅಂತ ಅಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದಾಗ ಕಟ್ಟೆ ತುಂಬಾ ಜನ. ಆಗ ಬಂದವರಲ್ಲಿ ಒಬ್ಬ ಅಜ್ಜಿ ಸುಮ್ನೆ ಕೊನೆಯಲ್ಲಿ ಕೂತಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ನಂದು ಏಳು ತಿಂಗಳಿಂದ ಬಂದಿಲ್ಲಪ್ಪ, ಸತ್ತೋಗಿದೀನಿ ಅಂತ ಬರ್ಕೊಂಡ್ರಾ ನೋಡು" ಅಂದರು. ಸಂಧ್ಯಾ ಸುರಕ್ಷಾ, ತಿಂಗಳಿಗೆ 1200. ಎಲ್ಲರೂ ಅವರಿಗೆ ಹೇಳಿದ್ದು ಒಂದೇ ಮಾತು, ಆಧಾರ್ ಲಿಂಕ್ ಆಗಿಲ್ಲ ಅಂತ. ಲಿಂಕ್ ಆಗಿತ್ತು. ಎಲ್ಲಿಗೆ ಅನ್ನೋದೇ ಯಾರೂ ನೋಡಿರಲಿಲ್ಲ.

ಆಧಾರ್ ಮೂಲಕ ಬರೋ ಸರ್ಕಾರಿ ದುಡ್ಡು ನಾವು ಬರೆದುಕೊಟ್ಟ ಅಕೌಂಟ್ ನಂಬರಿಗೆ ಹೋಗಲ್ಲ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಅದು ಯಾವ ಬ್ಯಾಂಕು ಅಂತ ಮೈ ಆಧಾರ್ ವೆಬ್‌ಸೈಟಿನಲ್ಲಿ ಕಾಣುತ್ತೆ, ಆದರೆ ಅದಕ್ಕೆ ಓಟಿಪಿ ಬೇಕು. ಓಟಿಪಿ ಹೋಗುತ್ತಿದ್ದದ್ದು ಮೊಮ್ಮಗ ಯಾವತ್ತೋ ಬಿಸಾಕಿದ ಸಿಮ್ಮಿಗೆ. ಹಾಗಾಗಿ ಮೊದಲು ನಂಬರ್ ಬದಲಾಯಿಸಬೇಕು ಅಂತ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಬೆರಳು ತಗೊಳ್ಳಲಿಲ್ಲ. ಹತ್ತೂ ಬೆರಳು ಇಟ್ಟರು. ಒಂದೂ ಇಲ್ಲ. ನಾನು ಅವರ ಕೈ ಹಿಡಿದು ನೋಡಿದೆ. ತುದಿಗಳು ನುಣ್ಣಗೆ, ಉಜ್ಜಿ ಉಜ್ಜಿ ಇಟ್ಟ ಕಲ್ಲಿನ ಹಾಗೆ, ರೇಖೆಯೇ ಇಲ್ಲ. ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ ಕೈ ಅದು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಯಿಸಿದ ಗೂಡು ಬಿಸಿನೀರಲ್ಲಿ ತೇಲ್ತಾ ಇರುತ್ತೆ, ಅದರಲ್ಲೇ ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು, ಬೆಳಿಗ್ಗೆಯಿಂದ ಸಂಜೆವರೆಗೆ. ನಮ್ಮಮ್ಮನೂ ಮಾಡಿದ ಕೆಲಸ. ಬೇರೆಯವರ ಸೀರೆಗೆ ನೂಲು ತೆಗೆದು ತೆಗೆದು ಸವೆದ ಬೆರಳಿಗೆ ಮೆಷಿನ್ನು "ನೀನು ನೀನಲ್ಲ" ಅನ್ನುತ್ತಲ್ಲ, ನನಗೆ ಗಂಟಲು ಕಟ್ಟಿಬಂತು.

ಬೆರಳು ಆಗದಿದ್ದರೆ ಕಣ್ಣು ಇದೆ, ಐರಿಸ್. ಇದನ್ನು ನಾವೇ ಕೇಳಬೇಕಾಗುತ್ತೆ, ಜಗಳ ಮಾಡದೆ, ಆದರೆ ಬಿಡದೆ. ಕೇಳಿದೆವು, ಕಣ್ಣು ತಗೊಂಡಿತು. ಕೆಲವು ದಿನಕ್ಕೆ ನಂಬರ್ ಬದಲಾಯಿತು. ನೋಡಿದರೆ ದುಡ್ಡು ಹೋಗುತ್ತಿದ್ದದ್ದು ಹಿಂದೆ ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಿನಲ್ಲಿ ತೆರೆದಿದ್ದ ಖಾತೆಗೆ. ಆ ಪಾಸ್‌ಬುಕ್ಕು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಎಂಟ್ರಿ ಹಾಕಿಸಿದಾಗ ಏಳು ತಿಂಗಳದ್ದೂ ಸೇರಿ 8400 ರೂಪಾಯಿ ಹಾಗೇ ಕೂತಿತ್ತು. ಮೆಷಿನ್ ಬೇಡ ಅಂತ ಚೀಟಿ ಬರೆದು, ಇಂಕಿನ ಹೆಬ್ಬೆಟ್ಟು ಒತ್ತಿ ತಗೊಂಡರು. ಅಜ್ಜಿ ಅಲ್ಲೇ ನಿಂತು ಮೂರು ಸಲ ಎಣಿಸಿದರು.

ಈ ಒಂದು ಕೆಲಸಕ್ಕೆ ನಾನು ನಾಲ್ಕು ಶನಿವಾರ ಓಡಾಡಿದ್ದೇನೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕೂ ಇಲ್ಲ, ಸರ್ಕಾರಿ ಕಚೇರಿಯೂ ಇಲ್ಲ. ಹಾಗಾಗಿ ಮೊದಲನೇ ಮತ್ತು ಮೂರನೇ ಶನಿವಾರ ಅರ್ಧ ದಿನ ರಜೆ ಕೇಳಿಕೊಂಡಿದ್ದೇನೆ, ಮಾಲೀಕರು ಒಪ್ಪಿದ್ದಾರೆ. ಭಾನುವಾರ ಕಾಗದ ಜೋಡಿಸೋದು, ಶನಿವಾರ ಜೊತೆಗೆ ಹೋಗೋದು. ಜೊತೆಗೆ ಹೋಗೋದೇ ಜಾಸ್ತಿ ಮುಖ್ಯ. ಒಬ್ಬರೇ ಹೋದರೆ ಅಜ್ಜಿಯಂಥವರು "ನಾಳೆ ಬನ್ನಿ" ಅಂದ ಕೂಡಲೇ ತಿರುಗಿ ಬಂದುಬಿಡುತ್ತಾರೆ, ಯಾಕೆ ಅಂತ ಕೇಳಲ್ಲ. ನಾವು ಏನೂ ಮಾಡಬೇಕಿಲ್ಲ, ಪಕ್ಕದಲ್ಲಿ ನಿಂತು "ಯಾವ ಕಾಗದ ಕಡಿಮೆ ಇದೆ ಸರ್, ಬರೆದುಕೊಳ್ತೀನಿ" ಅಂದರೆ ಸಾಕು. ಎಷ್ಟೋ ಜನ ನೌಕರರು ಹೀಗೆ ಕೇಳಿದರೆ ಸಮಾಧಾನವಾಗಿ ಹೇಳುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು ಬದಲಾದರೂ ನಮ್ಮ ಜನ ಇನ್ನೂ ಶಾನುಭೋಗರು ಅಂತಲೇ ಕರೆಯೋದು. ಅವರು ಊರಿಗೆ ಬರೋ ದಿನ ಮೊದಲೇ ತಿಳಿದುಕೊಂಡರೆ ಅರ್ಧ ಓಡಾಟ ಉಳಿಯುತ್ತೆ.

ನೀವು ನಿಮ್ಮ ಬೀದಿಯಲ್ಲಿ ಶುರು ಮಾಡೋದಾದರೆ ದಯವಿಟ್ಟು ಇಷ್ಟು ಮಾಡಿ: ಅವರ ಎಟಿಎಂ ಕಾರ್ಡು, ಪಿನ್ನು ಮುಟ್ಟಬೇಡಿ. ಓಟಿಪಿ ಬಂದರೆ ಏತಕ್ಕೆ ಅಂತ ಮೊದಲು ಹೇಳಿ. ಕೆಲಸ ಮುಗಿದ ಮೇಲೆ ನಿಮ್ಮ ಫೋನಿನಲ್ಲಿರೋ ಆಧಾರ್ ಫೋಟೋ ಅವರ ಎದುರೇ ಅಳಿಸಿ. ಏನೂ ತಗೊಳ್ಳಬೇಡಿ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ತಂದು ಮಡಿಲಿಗೆ ಸುರಿದರೆ ಬೇಡ ಅನ್ನೋದು ಕಷ್ಟವೇ, ಆದರೂ ಬೇಡ ಅನ್ನುತ್ತೇನೆ. ಒಬ್ಬರ ಹತ್ತಿರ ತಗೊಂಡರೆ, ಕೊಡೋಕೆ ಏನೂ ಇಲ್ಲದವರು ಮುಂದಿನ ವಾರ ಕಟ್ಟೆ ಕಡೆ ಬರಲ್ಲ.

ಈಗ ಪಿಯುಸಿ ಓದೋ ಹುಡುಗಿಯೊಬ್ಬಳು ಜೊತೆಗೆ ಕೂರುತ್ತಾಳೆ. ಅವಳಿಗೆ ಉರ್ದುವೂ ತೆಲುಗೂ ಬರುತ್ತೆ, ಹೆಂಗಸರು ನನಗಿಂತ ಅವಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಈ ಶನಿವಾರ ಮೂರನೆಯದು, ಪುಸ್ತಕದಲ್ಲಿ ಮೂರು ಹೆಸರು ಬಾಕಿ ಇವೆ. ಅದರಲ್ಲಿ ಒಬ್ಬ ತಾತ, ಅವರದೂ ನೂಲು ಬಿಚ್ಚಿದ ಕೈ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆರಳು ಹೋದ ತಿಂಗಳೇ ಆಗಲಿಲ್ಲ. ಕಣ್ಣು ತಗೊಳ್ಳದಿದ್ದರೆ ಮುಖ ತೋರಿಸಿ ಆಗುತ್ತಾ ಅಂತ ಕೇಳಬೇಕು ಎಂದು ಅವರ ಪುಟದಲ್ಲಿ ಬರೆದಿಟ್ಟಿದ್ದೇನೆ.