ವಾಟರ್ ಕಲರ್ ಮಂಕಾಗುತ್ತಿದೆಯೇ? ಮೊದಲು ಪೇಪರ್ ನೋಡಿ

ಚಿತ್ರ ಕೆಡುವುದು ಎಷ್ಟೋ ಸಲ ಕೈಯಿಂದಲ್ಲ, ಪೇಪರಿನಿಂದ. ತೆಳು ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಉಬ್ಬುತ್ತದೆ, ಬಣ್ಣವೆಲ್ಲ ತಗ್ಗಿನಲ್ಲಿ ನಿಲ್ಲುತ್ತದೆ. 300 ಜಿಎಸ್‌ಎಂ ಪೇಪರ್, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ, ತಗೊಳ್ಳಿ. ದುಬಾರಿ ಅನಿಸಿದರೆ ದೊಡ್ಡ ಹಾಳೆಯನ್ನು ನಾಲ್ಕು ತುಂಡು ಮಾಡಿಕೊಳ್ಳಿ. ಬ್ರಷ್ ಒಂದೆರಡು ಸಾಕು.

ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಿ. ಬಿಳಿ ಬೇಕಾದ ಜಾಗ ಖಾಲಿ ಬಿಡಿ. ಆಮೇಲೆ ಬಿಳಿ ಬಳಿದರೆ ಪೇಪರಿನ ಆ ಹೊಳಪು ಬರುವುದಿಲ್ಲ. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು ಹಾಕಿ. ಬೆರಳಿನ ಹಿಂಬದಿ ಮೆಲ್ಲಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ಒದ್ದೆ ಇದೆ ಅಂತಲೇ ಅರ್ಥ. ಅರ್ಧ ಒಣಗಿದಾಗ ನೀರು ಜಾಸ್ತಿ ಇರುವ ಬ್ರಷ್ ಇಟ್ಟರೆ ಹೂಕೋಸಿನಂಥ ಕಲೆ ಏಳುತ್ತದೆ. ಒಣಗಿದ ಬಣ್ಣ ತಿಳಿಯಾಗುವುದರಿಂದ ಹಾಕುವಾಗಲೇ ಸ್ವಲ್ಪ ಗಾಢವಾಗಿರಲಿ.

ನೆರಳಿಗೆ ಸುಮ್ನೆ ಕಪ್ಪು ಟ್ಯೂಬ್ ಹಿಂಡಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಬೆರೆಸಿ, ಜೀವಂತ ಗಾಢ ಬೂದು ಸಿಗುತ್ತದೆ. ನನಗಂತೂ ಇದು ಬಹಳ ಇಷ್ಟ. ಎಲ್ಲಿ ನೆರಳು, ಎಲ್ಲಿ ಬೆಳಕು ಗೊತ್ತಾಗದಿದ್ದರೆ ಕಣ್ಣು ಅರೆಮುಚ್ಚಿ ನೋಡಿ. ಆಗಲೂ ಗೊಂದಲವಾದರೆ ನೀವು ಬಿಡಿಸುತ್ತಿರುವ ದೃಶ್ಯದ ಫೋಟೊ ಮೊಬೈಲಿನಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ, ನಿಮ್ಮ ಚಿತ್ರದ ಪಕ್ಕ ಇಟ್ಟು ಹೋಲಿಸಿ.