ಮನಿಯಾರ್ಡರ್ ಚೀಟಿಗಳಿಂದ ಅಜ್ಜನ ಬಾಯಿ ಬಿಡಿಸಿದ ನನ್ನ ಅನುಭವ

ಸೈನ್ಯದಲ್ಲಿದ್ದ ಅಜ್ಜನ ನೆನಪುಗಳನ್ನು ರೆಕಾರ್ಡ್ ಮಾಡಿಡಲು ಮೊದಲು ಹಾಕಿದ ಸುಮಾರು 14,000 ರೂಪಾಯಿ ಪೂರ್ತಿ ನೀರುಪಾಲಾಯಿತು. ಮಡಿಕೇರಿಯಿಂದ ವಿಡಿಯೋದವರನ್ನು ಕರೆಸಿದ್ದೆ. ಎರಡು ಕ್ಯಾಮೆರಾ, ದೊಡ್ಡ ಲೈಟು. ಅಜ್ಜ ಕೋಟು ಹಾಕಿ, ಪದಕ ಚುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. "1971ರ ಯುದ್ಧದ ಬಗ್ಗೆ ಹೇಳಿ ಅಜ್ಜ" ಅಂದೆ. "ಹೋದೆವು, ಕೆಲಸ ಮಾಡಿದೆವು, ಬಂದೆವು" ಅಂದರು. ಮೂರು ಗಂಟೆ ಶೂಟಿಂಗ್ ಆದ ಮೇಲೆ ಇಟ್ಟುಕೊಳ್ಳುವಂಥದ್ದು ಸಿಕ್ಕಿದ್ದು 11 ನಿಮಿಷ.

ಮಾವಂದಿರು ಆಗಲೇ ಹೇಳಿದ್ದರು. ಮಿಲಿಟ್ರಿಯವರು ಬಾಯಿ ಬಿಡಲ್ಲ, ಸುಮ್ನೆ ಮುದುಕರನ್ನು ಯಾಕೆ ಪೀಡಿಸ್ತೀಯಾ ಅಂತ. ಈಗ ನನ್ನ ಹತ್ತಿರ ಹೆಚ್ಚುಕಡಿಮೆ 45 ಗಂಟೆಯ ಅಜ್ಜನ ಮಾತಿದೆ. ಅದೇ ಮಾವಂದಿರು ಪೆನ್‌ಡ್ರೈವ್ ಕೇಳಿಕೊಂಡು ಬರುತ್ತಾರೆ. ನಮ್ಮ ಕಡೆ ಇಷ್ಟು ಮಾಡಿದವರನ್ನು ನಾನಂತೂ ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಡಿಯೋ ಕೈಕೊಟ್ಟ ಮೇಲೆ 80 ಪ್ರಶ್ನೆಗಳ ಪಟ್ಟಿ ಮಾಡಿದೆ. ಹನ್ನೆರಡನೇ ಪ್ರಶ್ನೆಗೆ ಅಜ್ಜ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಸೇವಾ ದಾಖಲೆಗೆ ಅಂತ ಒಂದು ಕಚೇರಿಗೆ ಬರೆದೆ. ಆರೇಳು ತಿಂಗಳು ಕಾದೆ. ಬಂದದ್ದು ಎರಡು ಸಾಲಿನ ಉತ್ತರ, ಅದರಲ್ಲಿ ಏನೂ ಇರಲಿಲ್ಲ. ಪದಕಗಳೇ ಅದಕ್ಕಿಂತ ಜಾಸ್ತಿ ಹೇಳಿದವು. ಅಂಚಿನಲ್ಲಿ ನಂಬರು, ಹೆಸರು ಕೆತ್ತಿರುತ್ತದೆ, ಭೂತಗನ್ನಡಿ ಹಿಡಿದರೆ ಸಾಕು. ಪಶ್ಚಿಮಿ ಸ್ಟಾರ್ ಇತ್ತು, ಅಂದರೆ 71ರಲ್ಲಿ ಇದ್ದದ್ದು ಪಶ್ಚಿಮದ ಗಡಿಯಲ್ಲಿ, ಢಾಕಾ ಕಡೆ ಅಲ್ಲ. ಮನೆಯಲ್ಲಿ ಎಲ್ಲರೂ ಬಾಂಗ್ಲಾ ಅಂತಲೇ ತಿಳಿದುಕೊಂಡಿದ್ದೆವು.

ಬಾಗಿಲು ತೆರೆದದ್ದು ಸುವರ್ಣಗೆಡ್ಡೆಯಿಂದ. ಒಂದು ದಿನ ಅಜ್ಜ ಹಿತ್ತಲಲ್ಲಿ ಗೆಡ್ಡೆ ಹುಡುಕುತ್ತಿದ್ದರು. ಎಲ್ಲರ ಹಾಗೆ ಗುದ್ದಲಿ ಹಾಕಲಿಲ್ಲ. ಚೂಪು ಸಲಾಕೆಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ಚುಚ್ಚುತ್ತಾ, ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿದು ಮತ್ತೆ ಚುಚ್ಚುತ್ತಿದ್ದರು. ಯಾಕೆ ಹಾಗೆ ಅಂದೆ. "ನೇರ ಚುಚ್ಚಿದರೆ ತಲೆ ಮೇಲೆ ಬೀಳುತ್ತೆ. ಓರೆ ಹೋದರೆ ಪಕ್ಕೆಗೆ ತಾಗುತ್ತೆ, ಸಿಡಿಯಲ್ಲ" ಅಂದರು. ಅವರು ಗೆಡ್ಡೆಯ ವಿಷಯ ಹೇಳುತ್ತಿರಲಿಲ್ಲ. ನೆಲಬಾಂಬು ಒತ್ತಡ ಬೀಳುವುದನ್ನು ಕಾಯುವುದು ಮೇಲ್ಗಡೆಯಿಂದ ಅಲ್ವಾ. ಅಜ್ಜ ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ನೆಲಬಾಂಬು ಹೂಳುವ, ತೆಗೆಯುವ ಸೈನ್ಯದ ಎಂಜಿನಿಯರ್ ಪಡೆಯವರು, ಬೆಂಗಳೂರಿನ ಹಲಸೂರಿನಲ್ಲಿ ತರಬೇತಿ ಆದವರು. ಐವತ್ತು ವರ್ಷ ಆದರೂ ಕೈ ಮರೆತಿರಲಿಲ್ಲ. ಫೋನು ಜೇಬಿನಲ್ಲಿತ್ತು, ಅಜ್ಜನನ್ನು ಕೇಳಿ ರೆಕಾರ್ಡಿಂಗ್ ಆನ್ ಮಾಡಿದೆ. ಆ ದಿನ 50 ನಿಮಿಷ ಮಾತಾಡಿದರು.

ಅಲ್ಲಿಂದ ಯುದ್ಧದ ಬಗ್ಗೆ ಕೇಳುವುದನ್ನೇ ಬಿಟ್ಟೆ. ದುಡ್ಡಿನ ಬಗ್ಗೆ ಕೇಳಿದೆ. ಸಂಬಳ ಎಷ್ಟು, ಮನೆಗೆ ಎಷ್ಟು ಕಳಿಸುತ್ತಿದ್ದಿರಿ? ಒಳಗಿಂದ ಅಜ್ಜಿ ಒಂದು ಬಿಸ್ಕತ್ ಡಬ್ಬಿ ತಂದಿಟ್ಟರು. ಅದರ ತುಂಬಾ ಮನಿಯಾರ್ಡರ್ ಫಾರಂನ ಕೆಳಗಿನ ಚೀಟಿಗಳು. ದುಡ್ಡಿನ ಜೊತೆ ಎರಡು ಮಾತು ಬರೆಯುವ ಜಾಗ ಇರುತ್ತಿತ್ತಲ್ಲ, ಅದು. 160ರ ಮೇಲೆ ಇದ್ದವು. ಒಂದನ್ನೂ ಬಿಸಾಡಿರಲಿಲ್ಲ. ವಿಳಾಸ ಎಲ್ಲದರಲ್ಲೂ ಬರೀ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರು, ಊರಿನ ಹೆಸರಿಲ್ಲ. ಆದರೆ ತಾರೀಖು ಇತ್ತು. ಮಾತೂ ಇತ್ತು. "ಮಗುವಿಗೆ ಕಾಲುಚೀಲ ತೆಗೆದುಕೊ." "ಕೆಂಪಿ ಕರು ಹಾಕಿತಾ?" "ಇಲ್ಲಿ ಚಳಿ ಜಾಸ್ತಿ, ನಾನು ಚೆನ್ನಾಗಿದ್ದೇನೆ."

ಚೀಟಿಗಳನ್ನು ಸ್ಕ್ಯಾನ್ ಮಾಡಿಸಲು ಸಾವಿರದಷ್ಟು ಕೊಟ್ಟು ಮೋಸಹೋದೆ. ಮಾಸಿದ ಶಾಯಿ ಅದರಲ್ಲಿ ಪೂರ್ತಿ ಮಾಯವಾಯಿತು. ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಾಗ ಫೋನಿನಲ್ಲೇ ತೆಗೆದ ಫೋಟೋ ಎಷ್ಟೋ ಮೇಲು. ಪೆನ್ನು ಒತ್ತಿದ ಗುರುತು ನೆರಳಾಗಿ ಕಾಣುತ್ತದೆ.

ಸಮಯ ಬೆಳಿಗ್ಗೆ ನಾಲ್ಕೂವರೆ. ಸೈನ್ಯದ ಅಭ್ಯಾಸ, ಅಜ್ಜ ಆಗಲೇ ಎದ್ದು ಒಲೆ ಮುಂದೆ ಕೂತಿರುತ್ತಿದ್ದರು. ಬೆಲ್ಲದ ಕಾಫಿ, ಒಂದು ಚೀಟಿ, 600 ರೂಪಾಯಿಯ ಕಾಲರ್ ಮೈಕು. ದಿನಕ್ಕೆ ಒಂದೇ ಚೀಟಿ. ಎರಡನೆಯದು ಕೊಟ್ಟ ದಿನ ಮಾತು ತೆಳ್ಳಗಾಗುತ್ತಿತ್ತು. ಮಧ್ಯೆ ಮಾತು ನಿಂತರೆ ಮತ್ತೆ ಶುರು ಮಾಡಿಸಲು ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನಿಬ್ಬರು ಹಿರಿಯರ ಜೊತೆ ಅದರಿಂದಲೇ ಕೆಲಸ ನಡೆಸುತ್ತಿದ್ದೇನೆ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ವಿವಿಧ ಭಾರತಿಯಲ್ಲಿ ಸೈನಿಕರಿಗಾಗಿ ಬರುತ್ತಿದ್ದ ಜಯಮಾಲಾದ ಹಳೆಯ ಹಾಡುಗಳನ್ನು ಹಾಕಿದೆ. ಅಜ್ಜ ಕಣ್ಣು ಮುಚ್ಚಿ ಕೇಳಿದರು, ಮಾತು ಬರಲಿಲ್ಲ. ಶಕ್ಕರ್‌ಪಾರೆ ಮಾಡಿಸಿದೆ, ಸೈನ್ಯದಲ್ಲಿ ಕೊಡುತ್ತಿದ್ದ ಸಿಹಿ ತಿಂಡಿ. ಅದು ಕೆಲಸ ಮಾಡಿತು, ಲಂಗರಿನ, ಅಂದರೆ ಸೈನ್ಯದ ಅಡುಗೆಮನೆಯ, ಕಥೆಯೇ ಎರಡು ಬೆಳಿಗ್ಗೆ ನಡೆಯಿತು. ಮಾತನ್ನು ಬರಹ ಮಾಡುವ ಸಾಫ್ಟ್‌ವೇರಿಗೆ 2,000 ಕಟ್ಟಿದೆ. ಅಜ್ಜನದು ಕನ್ನಡದ ನಡುವೆ ಹಿಂದಿ, ಸ್ಯಾಪರ್‌ಗಳ ತಮಿಳು. ಅದಕ್ಕೆ ಏನೂ ತಿಳಿಯಲಿಲ್ಲ. ಕೊನೆಗೆ ನಾನೇ ಕೂತು ಬರೆದೆ, ಒಂದು ಗಂಟೆಯ ಮಾತಿಗೆ ಏಳು ಗಂಟೆ ಹಿಡಿಯಿತು.

ಚೀಟಿಗಳನ್ನು ಸಾಲಾಗಿ ಇಟ್ಟಾಗ ಒಂದು ವಿಷಯ ಹೊಳೆಯಿತು. ಯುದ್ಧ ನಡೆದದ್ದು 1971ರ ಡಿಸೆಂಬರ್ 3ರಿಂದ, ಪಶ್ಚಿಮದಲ್ಲಿ 17ರ ಸಂಜೆ ನಿಂತಿತು. ಎರಡು ವಾರ. ಪಶ್ಚಿಮದ ಗಡಿಯ ಬಸಂತರ್ ನದಿ ದಾಟುವಾಗ ಟ್ಯಾಂಕಿಗೆ ದಾರಿ ಮಾಡಲು ರಾತ್ರಿಯೇ ಮೈನ್, ಅಂದರೆ ನೆಲಬಾಂಬು, ತೆಗೆದದ್ದನ್ನು ಅಜ್ಜ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಆದರೆ ಅವರು ಮನೆಗೆ ಬಂದದ್ದು 1972ರ ಕೊನೆಗೆ. ಶಿಮ್ಲಾ ಒಪ್ಪಂದ ಜುಲೈನಲ್ಲಿ ಆಯಿತು, ಶಕರ್‌ಗಢ ಕಡೆಯಿಂದ, ಅಂದರೆ ಯುದ್ಧದಲ್ಲಿ ಹಿಡಿದಿದ್ದ ಪಾಕಿಸ್ತಾನದ ನೆಲದಿಂದ, ನಮ್ಮವರು ಪೂರ್ತಿ ಹಿಂದೆ ಬಂದದ್ದು ಡಿಸೆಂಬರಿನಲ್ಲಿ. ಆ ಒಂದು ವರ್ಷ ಏನು ಮಾಡಿದಿರಿ ಅಂದೆ. "ಹೂತದ್ದನ್ನು ತೆಗೆದೆವು" ಅಂದರು. ಹೊಟ್ಟೆಯ ಮೇಲೆ ಮಲಗಿ, ಗೋಧಿ ಹೊಲದಲ್ಲಿ, ಬೆರಳಳತೆ ಬೆರಳಳತೆಯಾಗಿ. ಹುಲ್ಲು ಬೆಳೆದಿತ್ತು, ಮಳೆಗೆ ಮೈನ್ ಜಾಗ ಬಿಟ್ಟು ಜರುಗಿತ್ತು, ನಕ್ಷೆ ಸುಳ್ಳು ಹೇಳುತ್ತಿತ್ತು. ನನ್ನ ಲೆಕ್ಕದಲ್ಲಿ ಅಜ್ಜನ ಯುದ್ಧ ಅದೇ. ಕ್ಯಾಮೆರಾ ಮುಂದೆ ಅದನ್ನು ನಾನು ಕೇಳಿರಲೇ ಇಲ್ಲ.

ಪಕ್ಕದ ಸಾಲಿನಲ್ಲಿ ಸೇಲಂ ಕಡೆಯ ಒಬ್ಬ ಹುಡುಗ ಇದ್ದನಂತೆ. ತಂಬಿ ಅನ್ನುತ್ತಿದ್ದರು. "ಅವನು ಎದ್ದುಬಿಟ್ಟ, ಹೊಟ್ಟೆಯ ಮೇಲೇ ಇರಬೇಕಿತ್ತು" ಅಂದರು. ಆ ಬೆಳಿಗ್ಗೆ ಮತ್ತೆ ಮಾತಿಲ್ಲ. ನನ್ನ ಉಪಾಯವನ್ನೂ ಉಪಯೋಗಿಸಲಿಲ್ಲ.

1972ರ ಏಪ್ರಿಲಿನಿಂದ ಏಳು ಚೀಟಿಗಳಲ್ಲಿ ಮೊತ್ತ ಇಳಿದಿತ್ತು. ತಿಂಗಳಿಗೆ 70 ಬರುತ್ತಿದ್ದದ್ದು 40 ಆಗಿತ್ತು. ಅದನ್ನು ಮುಂದಿಟ್ಟಾಗ ಅಜ್ಜ ಚೀಟಿಯನ್ನು ಮಗುಚಿ ಇಟ್ಟು "ಮುಂದಿನದು ಕೊಡು" ಅಂದರು. ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ನಾಲ್ಕು ಮಕ್ಕಳ ಶಾಲೆಯ ಫೀಸು ಒಂದು ದಿನ ತಡ ಮಾಡಿದವರಲ್ಲ. ನಿವೃತ್ತಿಯಾದ ಮೇಲೆ ರಾತ್ರಿ ಪಾಳಿಯ ಕಾವಲು ಕೆಲಸ ಮಾಡಿ, ಬೆಳಿಗ್ಗೆ ಬಂದು ನಮಗೆಲ್ಲ ಸ್ನಾನ ಮಾಡಿಸಿ ಶಾಲೆಗೆ ಕಳಿಸಿ ಮಲಗುತ್ತಿದ್ದರು. ಆ 30 ರೂಪಾಯಿ ಎಲ್ಲಿ ಹೋಯಿತು ಅಂತ ಮತ್ತೆ ನಾಲ್ಕು ಸಲ ಕೇಳಿದೆ. ಹೇಳಲಿಲ್ಲ.

ಅಜ್ಜ ಹೋಗಿ ಒಂದೂವರೆ ವರ್ಷವಾಯಿತು. ಈಗ ಅಜ್ಜಿಯದು ಶುರು ಮಾಡಿದ್ದೇನೆ. ಅದೇ ಒಲೆ, ಅದೇ ಮೈಕು. ಮೂರನೇ ದಿನ ಆ ಏಳು ಚೀಟಿ ಮುಂದಿಟ್ಟೆ. ಅಜ್ಜಿ ನೋಡಿದ ಕೂಡಲೇ "ಆ ಹುಡುಗನ ತಾಯಿಗೆ" ಅಂದರು. ಆ ತಾಯಿ ಇಲ್ಲಿನ ವಿಳಾಸಕ್ಕೆ ಒಂದು ಕಾಗದ ಬರೆಸಿದ್ದರಂತೆ, ತಮಿಳಿನಲ್ಲಿ. ಅಜ್ಜಿ ಎಸ್ಟೇಟಿನ ಕೂಲಿಯವರ ಲೈನುಮನೆಗೆ ಹೋಗಿ ಓದಿಸಿಕೊಂಡು ಬಂದಿದ್ದರು.

"ಅಜ್ಜನಿಗೆ ಹೇಳಿದಿರಾ?" ಅಂದೆ.

"ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ" ಅಂದರು. ಆ ವರ್ಷ ಅಜ್ಜಿ ಹಾಲು ಮಾರಿ ಮನೆ ನಡೆಸಿದ್ದರು.