‘ಮೊದಲು ನಾವು ಬಳಸುವುದಿಲ್ಲ’: ಅಣ್ವಸ್ತ್ರದ ಮಾತನ್ನು ಓದುವುದು ಹೇಗೆ?

ಎಲ್ಲಾದರೂ ಗಡಿ ಬಿಸಿಯಾದರೆ ಸಾಕು, ಟಿವಿ ಪರದೆಯ ಕೆಳಗೆ ಒಂದು ಸಾಲು ಓಡತೊಡಗುತ್ತದೆ: ಇಂಥ ದೇಶ ಅಣ್ವಸ್ತ್ರ ನೀತಿ ಬದಲಿಸಿತು, ಇಂಥ ಸಚಿವರು ಬಾಂಬಿನ ಬೆದರಿಕೆ ಹಾಕಿದರು. ಬಹಳ ಸಲ ಬದಲಾಗಿರುವುದು ನೀತಿಯಲ್ಲ, ತಲೆಬರಹ ಅಷ್ಟೇ. ಅಪರೂಪಕ್ಕೊಮ್ಮೆ ಮೂಲ ದಾಖಲೆಯಲ್ಲೇ ನಾಲ್ಕು ಪದ ಬದಲಾಗಿರುತ್ತವೆ. ಆಗ ಪರದೆಯ ಮೇಲೆ ಕ್ರಿಕೆಟ್ ಓಡುತ್ತಿರುತ್ತದೆ. ಯಾವುದು ಗಾಳಿಮಾತು, ಯಾವುದು ನಿಜವಾದ ಬದಲಾವಣೆ ಎಂದು ತಿಳಿಯಲು ತಜ್ಞರೇ ಆಗಬೇಕಿಲ್ಲ. ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ ಇದ್ದರಾಯಿತು.

1. ಆ ದೇಶ ಮಾತು ಕೊಟ್ಟಿದೆಯೇ ನೋಡಿ

ಅಣ್ವಸ್ತ್ರ ಇರುವ ದೇಶಗಳು ಒಂಬತ್ತು. ‘ಯಾವ ಕಾಲದಲ್ಲೂ, ಯಾವ ಸಂದರ್ಭದಲ್ಲೂ ನಾವು ಮೊದಲು ಬಳಸುವುದಿಲ್ಲ’ ಎಂದು ಷರತ್ತಿಲ್ಲದೆ ಹೇಳಿರುವುದು ಚೀನಾ ಮಾತ್ರ. 1964ರ ಅಕ್ಟೋಬರ್ 16ರಂದು ಲಾಪ್ ನೂರ್‌ನಲ್ಲಿ ಮೊದಲ ಬಾಂಬ್ ಸಿಡಿಸಿದ ದಿನವೇ ಅದು ಈ ಮಾತು ಆಡಿತು. ಭಾರತವೂ ಮಾತು ಕೊಟ್ಟಿದೆ, ಆದರೆ ಅದಕ್ಕೊಂದು ಬಾಲವಿದೆ. ಅದನ್ನು ಮುಂದೆ ನೋಡೋಣ. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಪಾಕಿಸ್ತಾನ ಮತ್ತು ಉತ್ತರ ಕೊರಿಯಾ ಇಂಥ ಮಾತಿಗೆ ಕಟ್ಟುಬಿದ್ದಿಲ್ಲ. ಇಸ್ರೇಲ್ ತನ್ನ ಬಳಿ ಬಾಂಬ್ ಇದೆ ಎಂದೇ ಒಪ್ಪುವುದಿಲ್ಲ, ಇನ್ನು ನೀತಿಯ ಮಾತೆಲ್ಲಿ.

ಮಾತು ಕೊಡದ ದೇಶವೆಲ್ಲ ಬಾಂಬ್ ಹಾಕಲು ತುದಿಗಾಲಲ್ಲಿ ನಿಂತಿದೆ ಎಂದು ತಿಳಿಯಬೇಡಿ. ಎದುರಾಳಿಯ ಸೇನೆ ತನ್ನದಕ್ಕಿಂತ ದೊಡ್ಡದಿದ್ದರೆ, ಕೈಯಲ್ಲಿರುವ ಈ ಒಂದು ಭಯವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬಾರದು. ಶೀತಲ ಸಮರದಲ್ಲಿ ಸೋವಿಯತ್ ಟ್ಯಾಂಕ್‌ಗಳ ಸಂಖ್ಯೆಗೆ ಅಂಜಿ ನ್ಯಾಟೊ ‘ಮೊದಲ ಬಳಕೆ’ಯ ದಾರಿಯನ್ನು ತೆರೆದಿಟ್ಟುಕೊಂಡಿತ್ತು. ಸೋವಿಯತ್ ಒಕ್ಕೂಟ ಒಡೆದು ಸೇನೆ ಸೊರಗಿದಾಗ ರಷ್ಯಾ ಅದೇ ದಾರಿ ಹಿಡಿಯಿತು. ಭಾರತದ ದೊಡ್ಡ ಸೇನೆಯ ಮುಂದೆ ಪಾಕಿಸ್ತಾನದ ಲೆಕ್ಕವೂ ಇದೇ.

2. ಮೂಲ ಪಠ್ಯ ಹಿಡಿದು ‘ಆದರೆ’ಗಳಿಗೆ ಗೆರೆ ಎಳೆಯಿರಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲೇ. ಭಾರತದ್ದನ್ನೇ ತೆಗೆದುಕೊಳ್ಳಿ. 2003ರ ಜನವರಿ 4ರಂದು ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ನೀತಿಯ ಸಾರವಷ್ಟೇ ಅದರಲ್ಲಿದೆ. ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಭಾರತದ ನೆಲದ ಮೇಲೆ ಅಥವಾ ಎಲ್ಲೇ ಇರುವ ಭಾರತೀಯ ಪಡೆಗಳ ಮೇಲೆ ಅಣ್ವಸ್ತ್ರ ದಾಳಿಯಾದರೆ ಮಾತ್ರ ಪ್ರತಿಯಾಗಿ ಅಣ್ವಸ್ತ್ರ ಬಳಸುತ್ತೇವೆ ಎನ್ನುತ್ತದೆ ಅದು. ‘ಎಲ್ಲೇ ಇರುವ’ ಎಂಬುದಕ್ಕೆ ಮೊದಲ ಗೆರೆ ಎಳೆಯಿರಿ. ಭಾರತೀಯ ಪಡೆ ಗಡಿ ದಾಟಿ ಎದುರಾಳಿಯ ನೆಲದಲ್ಲೇ ನಿಂತಿರುವಾಗ ಅದರ ಮೇಲೆ ಸಣ್ಣದೊಂದು ಅಣುಬಾಂಬ್ ಬಿದ್ದರೂ ಅದು ಲೆಕ್ಕಕ್ಕೆ ಬಂತು.

ಎರಡನೆಯ ಗೆರೆ ಪ್ರತಿದಾಳಿ ಎಷ್ಟು ಎಂಬಲ್ಲಿ. 1999ರ ಆಗಸ್ಟ್‌ನ ಕರಡು ನೀತಿಯಲ್ಲಿ ‘ದಂಡಿಸುವಂಥ’ ಪ್ರತಿದಾಳಿ ಎಂದಿತ್ತು. 2003ರಲ್ಲಿ ಅದು ‘ಭಾರೀ’ ಪ್ರತಿದಾಳಿಯಾಯಿತು. ದಂಡಿಸುವುದಾದರೆ ಹೆಚ್ಚುಕಡಿಮೆ ಮಾಡಲು ಅವಕಾಶವಿದೆ, ‘ಭಾರೀ’ ಎಂದಮೇಲೆ ಅದಿಲ್ಲ. ಒಂದು ಸಣ್ಣ ಬಾಂಬಿಗೆ ಉತ್ತರವಾಗಿ ನಗರಗಳನ್ನೇ ಅಳಿಸುತ್ತೇವೆ ಎಂದರೆ ಎದುರಾಳಿ ನಂಬುತ್ತಾನೆಯೇ? ರಕ್ಷಣಾ ವಲಯದಲ್ಲಿ ಈ ವಾದ ಇಂದಿಗೂ ಮುಗಿದಿಲ್ಲ. ನನ್ನನ್ನು ಕೇಳಿದರೆ, ‘ಮೊದಲು’ ಎಂಬ ಪದಕ್ಕಿಂತ ಈ ‘ಭಾರೀ’ಯ ಬಗ್ಗೆಯೇ ಹೆಚ್ಚು ಚರ್ಚೆಯಾಗಬೇಕು.

ಮೂರನೆಯ ಗೆರೆ ಆ ಬಾಲಕ್ಕೆ: ಜೈವಿಕ ಅಥವಾ ರಾಸಾಯನಿಕ ಅಸ್ತ್ರಗಳಿಂದ ‘ದೊಡ್ಡ’ ದಾಳಿಯಾದರೆ ಅಣ್ವಸ್ತ್ರದಿಂದ ಉತ್ತರಿಸುವ ಹಕ್ಕನ್ನು ಭಾರತ ಉಳಿಸಿಕೊಂಡಿದೆ. ಅಂದರೆ ಆ ಒಂದು ಸಂದರ್ಭದಲ್ಲಿ ಅಣ್ವಸ್ತ್ರವನ್ನು ಮೊದಲು ಬಳಸುವುದು ನಾವೇ ಆಗಬಹುದು. ಎಷ್ಟಾದರೆ ‘ದೊಡ್ಡ’ದು ಎಂದು ಬರೆದಿಲ್ಲ.

3. ಮಾತು ಕೊಡದ ದೇಶಗಳಲ್ಲಿ ಹೊಸ್ತಿಲು ಹುಡುಕಿ

ಯಾವ ಗೆರೆ ದಾಟಿದರೆ ಅಣ್ವಸ್ತ್ರ ಹೊರತೆಗೆಯುತ್ತಾರೆ? ಪಾಕಿಸ್ತಾನದ ಅಣ್ವಸ್ತ್ರ ವ್ಯವಸ್ಥೆಯನ್ನು ವರ್ಷಗಟ್ಟಲೆ ನೋಡಿಕೊಂಡ ಖಾಲಿದ್ ಕಿದ್ವಾಯಿ ಇಟಲಿಯ ಸಂಶೋಧಕರಿಗೆ ನಾಲ್ಕು ಗೆರೆಗಳನ್ನು ಹೇಳಿದ್ದರು: ನೆಲದ ದೊಡ್ಡ ಭಾಗ ಕೈಬಿಟ್ಟರೆ, ಸೇನೆಯ ದೊಡ್ಡ ಪಾಲು ನಾಶವಾದರೆ, ಆರ್ಥಿಕವಾಗಿ ಕತ್ತು ಹಿಸುಕಿದರೆ, ದೇಶದೊಳಗೆ ಅಸ್ಥಿರತೆ ಹುಟ್ಟಿಸಿದರೆ. ಎಷ್ಟು ಕಿಲೋಮೀಟರ್, ಎಷ್ಟು ದಿನದ ದಿಗ್ಬಂಧನ ಎಂಬುದನ್ನು ಬೇಕೆಂದೇ ಹೇಳಲಿಲ್ಲ. ಫ್ರಾನ್ಸ್ ‘ಜೀವಾಳದ ಹಿತಾಸಕ್ತಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಮೆರಿಕ ತನ್ನ ಅಣ್ವಸ್ತ್ರ ನೀತಿಯ 2022ರ ಪರಿಶೀಲನೆಯಲ್ಲಿ ‘ಮೊದಲು ಬಳಸೆವು’ ಎನ್ನುವ ನೀತಿಯನ್ನು ತೂಗಿ ನೋಡಿ, ಬೇಡವೆಂದು ಬಿಟ್ಟು, ‘ತೀರಾ ವಿಪರೀತ ಸಂದರ್ಭಗಳಲ್ಲಿ’ ಎಂಬಲ್ಲಿಗೆ ನಿಲ್ಲಿಸಿತು.

ಹೊಸ್ತಿಲು ತಗ್ಗುವುದು ಹೇಗೆಂದು ನೋಡಲು ರಷ್ಯಾದ ಎರಡು ಅಣ್ವಸ್ತ್ರ ನೀತಿ ದಾಖಲೆಗಳನ್ನು ಅಕ್ಕಪಕ್ಕ ಇಡಿ. ಮಾಮೂಲಿ ಅಸ್ತ್ರಗಳ ದಾಳಿಗೆ ಅಣ್ವಸ್ತ್ರದಿಂದ ಉತ್ತರಿಸಬೇಕಾದರೆ ‘ರಾಷ್ಟ್ರದ ಅಸ್ತಿತ್ವಕ್ಕೇ’ ಕುತ್ತು ಬಂದಿರಬೇಕು ಎಂದು 2020ರದ್ದು ಹೇಳುತ್ತದೆ. 2024ರ ನವೆಂಬರ್‌ನದರಲ್ಲಿ ‘ಸಾರ್ವಭೌಮತೆಗೆ ಅಥವಾ ಪ್ರಾದೇಶಿಕ ಅಖಂಡತೆಗೆ ಗಂಭೀರ ಬೆದರಿಕೆ’ ಇದ್ದರೂ ಸಾಕು. ಮೇಲೆ ಹೇಳಿದ ನಾಲ್ಕು ಪದಗಳ ಬದಲಾವಣೆ ಎಂದರೆ ಇಂಥದ್ದು.

4. ಮಾತನ್ನು ಸಲಕರಣೆಯೊಂದಿಗೆ ತಾಳೆ ನೋಡಿ

1982ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ವಿಶ್ವಸಂಸ್ಥೆಯಲ್ಲಿ ‘ಮೊದಲು ಬಳಸೆವು’ ಎಂದು ಘೋಷಿಸಿತು. ಶೀತಲ ಸಮರ ಮುಗಿದ ಮೇಲೆ ಪೂರ್ವ ಜರ್ಮನಿಯ ಕಡತಗಳನ್ನು ತೆರೆದರೆ, ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದ ಕೂಟದ ಪಡೆಗಳು ಯುದ್ಧದ ಆರಂಭದಲ್ಲೇ ಅಣ್ವಸ್ತ್ರ ಬಳಸುವ ಅಭ್ಯಾಸ ಮಾಡಿದ್ದು ಕಂಡಿತು. 1993ರಲ್ಲಿ ರಷ್ಯಾ ಆ ಘೋಷಣೆಯನ್ನೇ ಕೈಬಿಟ್ಟಿತು.

ಆದ್ದರಿಂದ ಸಿಡಿತಲೆ (ಕ್ಷಿಪಣಿ ಹೊತ್ತೊಯ್ಯುವ ಬಾಂಬ್) ಎಲ್ಲಿದೆ, ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಎಂದು ಕೇಳಿ. ಪಾಕಿಸ್ತಾನದ ನಸ್ರ್ ಕ್ಷಿಪಣಿ ಹಾರುವುದು ಸುಮಾರು 60–70 ಕಿಲೋಮೀಟರ್. ಅಷ್ಟು ಹತ್ತಿರದ್ದನ್ನು ದೂರದ ನಗರಕ್ಕಾಗಿ ಮಾಡಿರುವುದಿಲ್ಲ. ಮುನ್ನುಗ್ಗಿ ಬರುವ ಸೇನೆಗಾಗಿ ಮಾಡಿರುತ್ತಾರೆ. ‘ಎರಡನೆಯವರಾಗಿಯೇ ಹೊಡೆಯುತ್ತೇವೆ’ ಎನ್ನುವ ದೇಶಕ್ಕೆ ಮೊದಲ ಹೊಡೆತ ತಿಂದ ಮೇಲೂ ಉಳಿಯುವ ಆಯುಧ ಬೇಕು. ಭಾರತದ ಅರಿಹಂತ್‌ನಂಥ ಜಲಾಂತರ್ಗಾಮಿಗೆ ಇಷ್ಟು ಮಹತ್ವ ಬಂದಿರುವುದು ಅದಕ್ಕೇ. ಇನ್ನೊಂದು ಕಡೆ, ಸಿಡಿತಲೆಗಳನ್ನು ಕ್ಷಿಪಣಿಯಿಂದ ಬೇರೆಯಾಗಿ ಇಡುವುದು ಬಿಟ್ಟು ಜೋಡಿಸಿಯೇ ಇಡತೊಡಗಿದರೆ, ಘೋಷಣೆಯ ಒಂದಕ್ಷರ ಬದಲಾಗದಿದ್ದರೂ ಎದುರಾಳಿಯ ನಿದ್ದೆ ಕೆಡುತ್ತದೆ.

5. ಹೇಳಿದವರು ಯಾರು?

2016ರ ನವೆಂಬರ್‌ನಲ್ಲಿ ಅಂದಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್, ಮೊದಲು ಬಳಸುವುದಿಲ್ಲವೆಂದು ನಮ್ಮನ್ನು ನಾವೇ ಏಕೆ ಕಟ್ಟಿಹಾಕಿಕೊಳ್ಳಬೇಕು ಎಂದು ಕೇಳಿದರು. ಅದು ಅವರ ವೈಯಕ್ತಿಕ ಅಭಿಪ್ರಾಯ ಎಂದು ಸಚಿವಾಲಯ ಕೂಡಲೇ ಸ್ಪಷ್ಟಪಡಿಸಿತು. 2019ರ ಆಗಸ್ಟ್ 16ರಂದು ರಾಜನಾಥ್ ಸಿಂಗ್ ಪೋಖ್ರಾನ್‌ನಲ್ಲಿ, ಇಂದಿನವರೆಗೆ ನೀತಿ ಇದೇ, ಮುಂದೇನಾಗುತ್ತದೆ ಎಂಬುದು ಪರಿಸ್ಥಿತಿಯನ್ನು ಅವಲಂಬಿಸಿದೆ ಎಂದರು. ಎರಡೂ ದಿನ ತಲೆಬರಹಗಳು ದೊಡ್ಡವಾಗಿದ್ದವು. ಆದರೆ ಭಾರತದಲ್ಲಿ ಪ್ರತಿದಾಳಿಗೆ ಅನುಮತಿ ಕೊಡಬಹುದಾದದ್ದು ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿ. ರಕ್ಷಣಾ ಸಚಿವರ ಮಾತು ಎದುರಾಳಿಗೆ ಕೊಟ್ಟ ಸೂಚನೆ ಆಗಬಹುದೇ ಹೊರತು ನೀತಿಯಾಗದು. ಉತ್ತರ ಕೊರಿಯಾದ್ದು ಇದಕ್ಕೆ ತದ್ವಿರುದ್ಧ. 2022ರ ಸೆಪ್ಟೆಂಬರ್‌ನಲ್ಲಿ ಅದು ಕಾನೂನನ್ನೇ ಮಾಡಿತು: ನಾಯಕತ್ವದ ಮೇಲೆ ದಾಳಿಯಾಗುವ ಸೂಚನೆ ಕಂಡರೂ ಮೊದಲೇ ಹೊಡೆಯಬಹುದು, ಕಮಾಂಡ್ ವ್ಯವಸ್ಥೆಗೆ ಅಪಾಯ ಬಂದರೆ ದಾಳಿ ತಾನಾಗಿಯೇ ಶುರುವಾಗಬೇಕು. ಅಲ್ಲಿ ಸಚಿವರ ಭಾಷಣಕ್ಕೆ ಕಿವಿಗೊಟ್ಟು ಕೂರುವ ಅಗತ್ಯವಿಲ್ಲ, ಎಲ್ಲವನ್ನೂ ಬರೆದಿಟ್ಟಿದ್ದಾರೆ.